ನಾಲ್ಕು ದಿನದ ಪಾಲು

ನಿನ್ನೆ ರೋಣದ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಗೆ ಹೋಗಿದ್ದೆ. ಸಕ್ಕರೆ ಕಾಯಿಲೆಗೆ ಕಂದು ಬ್ರೆಡ್ ತಿನ್ನಿ ಎಂದಿದ್ದಾರೆ ಡಾಕ್ಟರು; ನಾಲಿಗೆಗೆ ಶಿಕ್ಷೆ, ಇನ್ನೇನು! ಪೊಟ್ಟಣ ಬಿಚ್ಚಿದ ಕೂಡಲೇ ಬಂದ ಹುಳಿ ವಾಸನೆಗೆ ನರೇಗಲ್ಲಿನ ಮನೆ ಮಾಲಕರು ನೆನಪಾದರು. ನನಗೆ ಜ್ವರ ಬಂದಾಗ ಯಾರೋ ತಂದಿಟ್ಟ ಬ್ರೆಡ್ ಕಂಡು ಅವರು ಎದ್ದು ಹೊರಗೆ ಹೋಗಿಬಿಟ್ಟಿದ್ದರು...

ಆಗ ನಾನು ಅಲ್ಲಿನ ಶಾಲೆಗೆ ಹೊಸದಾಗಿ ಬಂದ ಟೀಚರು, ಅವರ ಮುಂದಿನ ಕೋಣೆಯ ಬಾಡಿಗೆದಾರಳು. ಹೆಂಡತಿ ಮಕ್ಕಳಿಲ್ಲದ ಮಾಲಕರು ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು, ಜರ್ಮನಿಯ ಕ್ಯಾಂಪಿನಲ್ಲಿದ್ದು ಬದುಕಿ ಬಂದವರು. ಆ ಸುದ್ದಿ ಎತ್ತಿದರೆ "ಥಂಡಿ ಭಾಳ ಇತ್ತು" ಎನ್ನುತ್ತಿದ್ದರು, ಅಷ್ಟೇ. ಅವರ ಜೊತೆಗಿದ್ದು ಅಲ್ಲೇ ಸತ್ತ ಗೆಳೆಯನ ಹೆಂಡತಿ ಅಸೂಟಿಯಲ್ಲಿದ್ದಳು. ಎಳ್ಳ ಅಮಾವಾಸ್ಯೆಯ ನಂತರದ ಚೌತಿಗೆ ಆಕೆ ಗಂಡನ ತಿಥಿ ಮಾಡುತ್ತಿದ್ದಳು. ಮಿಲಿಟರಿ ಕಾಗದದ ತಾರೀಖನ್ನು ಪಂಚಾಂಗಕ್ಕೆ ಹೊಂದಿಸಿ ಭಟ್ಟರು ಹೇಳಿದ ದಿನ ಅದು. ಅಂದು ಮೊದಲ ಎಲೆ ನಮ್ಮ ಮಾಲಕರಿಗೆ. ಅವರು ವರ್ಷವಿಡೀ ಕಾಯುತ್ತಿದ್ದುದು ಆ ಒಂದು ಊಟಕ್ಕೆ.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿ ಕೂತು ಉಣ್ಣುತ್ತದೆ. ಮಾಲಕರು ಮಾತ್ರ ಅಂದಿನಿಂದ ಚೌತಿಯವರೆಗೆ ಬರೀ ನೀರು ಕುಡಿದಿರುತ್ತಿದ್ದರು. ಏನೋ ವ್ರತ ಎಂದುಕೊಂಡಿದ್ದೆ. ಮೂರನೆಯ ವರ್ಷ ಅಮಾವಾಸ್ಯೆಯ ಮರುದಿನ ಕಟ್ಟೆ ಇಳಿಯುವಾಗ ಕುಸಿದು ಬಿದ್ದರು. ಅಂಬಲಿ ಕಾಸಿ ತಂದು ಬೈದೆ. ನನ್ನ ಬಾಯಿ ಆಗಿನಿಂದಲೂ ಜೋರು.

"ವ್ರತ ಅಲ್ರಿ ಅಕ್ಕೋರ. ಅಂವಾ ಸತ್ತಿದ್ದು ಚೌತಿಗಲ್ಲ, ಎಳ್ಳಮಾಸಿ ದಿನ," ಅಂದರು.

ಗೆಳೆಯ ಪಕ್ಕದ ಹಲಗೆಯ ಮೇಲೆ ಸತ್ತಿದ್ದ. ಒಕ್ಕಲುತನದ ಮಕ್ಕಳು, ಚಂದ್ರನನ್ನು ನೋಡಿ ಹಬ್ಬ ಲೆಕ್ಕ ಹಾಕುತ್ತಿದ್ದರು; ದಿನ ತಪ್ಪುವ ಮಾತಿಲ್ಲ. ಹೊರಗೆ ಹಿಮ, ಹೆಣ ಕೆಡುವಂತಿರಲಿಲ್ಲ. ಸತ್ತನೆಂದರೆ ಅವನ ಪಾಲಿನ ಬ್ರೆಡ್ ನಿಲ್ಲುತ್ತದೆ. ಮಾಲಕರು ಹೆಣಕ್ಕೆ ಗದ್ದದವರೆಗೆ ಕಂಬಳಿ ಎಳೆದು, ತಲೆ ಎಣಿಸಲು ಕಾವಲುಗಾರ ಬಂದಾಗೆಲ್ಲ ಜ್ವರ ಎಂದರು. ಗೊತ್ತಾಗಿದ್ದರೆ ಗುಂಡು. ನಾಲ್ಕು ದಿನ ಸತ್ತವನ ಪಾಲು ಬಂತು. ಅದನ್ನು ಮೂರು ತುಂಡು ಮಾಡಿ, ಎದ್ದು ಕೂಡಲಾರದ ಇನ್ನಿಬ್ಬರಿಗೆ ತಿನ್ನಿಸಿ, ಒಂದು ತಾವು ತಿಂದರು. ಮೂವರೂ ಉಳಿದರು. ಆಮೇಲೆ ಸಾವಿನ ಸುದ್ದಿ ಹೇಳಿದರು. ಕಾಗದಕ್ಕೆ ಹತ್ತಿದ್ದು ಆ ತಾರೀಖು.

ಯಾರದೋ ಕಥೆ ಎಂಬಂತೆ ಹೇಳಿದರು. ಕೇಳಿದ ನನಗೂ ಅಳು ಬರಲಿಲ್ಲ...

"ಆಕಿಗೆ ಹೇಳ್ರಿ ಮತ್ತ," ಅಂದೆ.

"ಹೇಳಿದ್ರ ಆ ಮನಿ ಬಾಗಲಾ ನನಗ ಮುಚ್ಚಿದಂಗ."

"ತಪ್ಪ ದಿನ ಎಡಿ ಇಟ್ರ ಸತ್ತವರಿಗೆ ಮುಟ್ಟತೈತೇನ್ರಿ?"

ಇಪ್ಪತ್ಮೂರರ ವಯಸ್ಸು, ಜಗತ್ತೆಲ್ಲ ಗೊತ್ತಿತ್ತು ನನಗೆ!

ಚೌತಿಗೆ ನಾನೇ ಜೊತೆಗೆ ಹೋದೆ. ಎಲೆ ಹಾಕಿ ಹೋಳಿಗೆ ಬಡಿಸಿದರು. ಮಾಲಕರು ಕೈ ಹಚ್ಚಲಿಲ್ಲ. ತಲೆ ತಗ್ಗಿಸಿ, ಖರೇ ದಿನ ಯಾವುದೆಂದು ಹೇಳಿದರು. "ಸತ್ತ ಮ್ಯಾಲೆ ನಾಲ್ಕ ದಿನ ಅವನ ಪಾಲು ನಾ ಉಂಡೀನ್ರಿ," ಅಂದರು. ಇನ್ನಿಬ್ಬರ ಮಾತು ಎತ್ತಲೇ ಇಲ್ಲ, ಗುಂಡಿನ ಮಾತೂ ಇಲ್ಲ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ.

ಆಕೆ ಕೈಯಲ್ಲಿದ್ದ ತುಪ್ಪದ ಗಿಂಡಿ ಕೆಳಗಿಟ್ಟಳು. "ಸಾಯೂ ಮುಂದ ಅವರು ಏನರೆ ಉಂಡಿದ್ರೇನು?"

"ಇಲ್ರಿ. ನುಂಗಾಕ ಆಗ್ತಿರಲಿಲ್ಲ."

ಆಕೆ ಹೋಳಿಗೆಗೆ ತುಪ್ಪ ಹಾಕಿ, "ಉಣ್ರಿ," ಅಂದಳು. ಅವರು ಉಂಡರು. ಎಲೆ ಮುಗಿಯುವವರೆಗೆ ಆಕೆ ಎದುರಿಗೇ ನಿಂತಿದ್ದಳು.

"ತಿಥಿ ದಿನಾ ಇದ ಇರ್ಲಿ. ನಮ್ಮನಿಯವರು ಇಷ್ಟ ವರ್ಷ ಚೌತಿಗೆ ಬಂದ ಉಂಡ ಹೋಗ್ಯಾರ. ಈಗ ಬದಲ ಮಾಡಿದ್ರ ಅವರಿಗೆ ಹ್ಯಾಂಗ ತಿಳೀಬೇಕು? ನೀವು ಮಾತ್ರ ಇನ್ನ ಬರಬ್ಯಾಡ್ರಿ ಅಣ್ಣಾರ. ನೀವು ಉಣ್ಣೂದು ನೋಡೂದು ನನ್ನ ಕೈಲೆ ಆಗೂದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಜಗಳಕ್ಕಾದರೂ ಬಾಯಿ ಬಿಡುತ್ತಿದ್ದೆನೇನೋ. ಅಂದು ಸುಮ್ಮನೆ ಕೂತೆ.

ಹಿಂತಿರುಗುವಾಗ ಬಸ್ಸಿನಲ್ಲಿ ಕೇಳಿದೆ, ಆ ಇಬ್ಬರ ಸುದ್ದಿ ಯಾಕೆ ಹೇಳಲಿಲ್ಲ ಎಂದು.

"ಹಂಚಿದ್ನಿ ಅಂದ್ರ ಪುಣ್ಯಾ ಕೇಳಿದಂಗ ಆಗತೈತ್ರಿ."

ಮರುವರ್ಷದಿಂದ ಅವರು ಉಪವಾಸ ಬಿಟ್ಟರು. ಚೌತಿಯ ದಿನ ಮಾತ್ರ ಜಳಕ ಮಾಡಿ, ಮಡಿ ಧೋತರ ಉಟ್ಟು ಕಟ್ಟೆಯ ಮೇಲೆ ಕೂಡುತ್ತಿದ್ದರು. ಅಸೂಟಿಯ ಕಡೆಯ ಬಸ್ಸು ಎದುರಿಗೇ ಹಾದುಹೋಗುತ್ತಿತ್ತು. ಆಮೇಲೆ ಎದ್ದು ಒಳಗೆ ಬಂದು ರೊಟ್ಟಿ ತಿನ್ನುತ್ತಿದ್ದರು. ನನಗೆ ಗಜೇಂದ್ರಗಡಕ್ಕೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ಅಲ್ಲಿಗೆ ಬಂದದ್ದು ಎಷ್ಟೋ ದಿನದ ಮೇಲೆ. ಯಾವ ದಿನ ಹೋದರೆಂದು ನಾನೂ ಕೇಳಲಿಲ್ಲ.

ಆಮೇಲೂ ಆಕೆ ಬಹಳ ವರ್ಷ ಬದುಕಿದ್ದಳು. ಎಷ್ಟು ಸಲ ಅಸೂಟಿ ದಾಟಿ ಹೋಗಿದ್ದೇನೋ! ಇಳಿದು, ನಿಮ್ಮ ಯಜಮಾನರ ಪಾಲಿನಿಂದ ಮೂವರು ಬದುಕಿದರು ತಾಯಿ ಎಂದು ಒಂದು ಮಾತು ಹೇಳಬಹುದಿತ್ತು. ಪುಣ್ಯ ಕೇಳಲಾರೆನೆಂದವರು ಅವರು. ನನಗೇನಾಗಿತ್ತು ಧಾಡಿ? ಈಗ ಆಕೆಯೂ ಇಲ್ಲ... ಗೆಳೆಯನ ಪಾಲನ್ನು ಒಬ್ಬನೇ ತಿಂದವನೆಂದೇ ಅವರನ್ನು ತಿಳಿದುಕೊಂಡು ಹೋದಳು.