ಗಿಡ್ಡ ಬಾಗಿಲಿನ ಪರೀಕ್ಷೆ

ಹುಟ್ಟಿ ಬೆಳೆದ ಮನೆಯ ಬಾಗಿಲಿಗೇ ಈ ವಯಸ್ಸಿನಲ್ಲೂ ಹಣೆ ಬಡಿಸಿಕೊಳ್ಳುವ ದಡ್ಡ ನಾನು. ನಮ್ಮ ಮನೆ ಸುರಪುರದ ಗುಡ್ಡದ ಓರೆಯಲ್ಲಿದೆ. ಇಲ್ಲಿ ಕಲ್ಲು ಬೇಡವೆಂದರೂ ಸಿಗುತ್ತದೆ, ಮರಕ್ಕೆ ಮಾತ್ರ ಭಾರೀ ಮರ್ಯಾದೆ. ಮುತ್ತಜ್ಜ ಗುಡ್ಡದ ಬೇವು ತರಿಸಿ, ನೆರಳಲ್ಲಿ ಒಣಗಿಸಿ, ಎದುರಿಗೆ ಕೂತು ಕೆತ್ತಿಸಿದ ಚೌಕಟ್ಟು ನಮ್ಮದು. ಪ್ರತಿ ಅಮಾವಾಸ್ಯೆಗೆ ನಮ್ಮವ್ವ ಅದಕ್ಕೆ ಎಣ್ಣೆ ಹಚ್ಚುತ್ತಾಳೆ. ಗೆದ್ದಲು ಇದುವರೆಗೆ ಅದರ ತಂಟೆಗೆ ಬಂದಿಲ್ಲ.

ಇಷ್ಟೆಲ್ಲ ಚೆಲುವಿದ್ದೂ ಬಾಗಿಲು ಗಿಡ್ಡ. ಗುಡ್ಡದ ಗಾಳಿ ನುಗ್ಗಬಾರದೆಂದು ಹಾಗೆ ಮಾಡಿದರು ಎನ್ನುವವರಿದ್ದಾರೆ. ಕತ್ತಿ ಹಿಡಿದು ಬಂದ ವೈರಿ ಮೊದಲು ಕುತ್ತಿಗೆ ಚಾಚಲಿ ಎಂದು ಮಾಡಿದರು ಎನ್ನುವವರೂ ಇದ್ದಾರೆ. ಉದ್ದನೆಯ ಮರ ಸಿಗಲಿಲ್ಲ ಎಂಬುದು ನನ್ನ ಸಂಶೋಧನೆ. ಅದನ್ನು ಅವ್ವನ ಮುಂದೆ ಮಂಡಿಸಿ ಬೈಸಿಕೊಂಡಿದ್ದೇನೆ.

ನೀವು ಬಂದರೆ ಜೋಪಾನ ಎಂದು ಹೇಳಿಯೇನು. ಆದರೆ ಹೆಣ್ಣು ನೋಡಲು ಬಂದ ಗಂಡಿಗೆ ಮಾತ್ರ ಯಾರೂ ಹೇಳಕೂಡದು, ಅದು ನಮ್ಮ ಮನೆತನದ ಕಟ್ಟಳೆ. "ಪೆಟ್ಟು ಬಿದ್ದಾಗ ಬಾಯಾಗ ಏನ್ ಬರ್ತದ, ಅದಾ ಮನುಷ್ಯಾನ ಖರೇ ಗುಣ" ಎಂಬುದು ಅವ್ವನ ನ್ಯಾಯ. ಹಿಂದೊಬ್ಬ ಹಣೆ ಒತ್ತಿಕೊಂಡು ಚೌಕಟ್ಟಿಗೆ ಒದ್ದ. ಅವ್ವ ಅವನಿಗೆ ಸುಸಲಾ, ಮಿರ್ಚಿ ತಿನ್ನಿಸಿ, ಚಹಾ ಕುಡಿಸಿ, ನಯವಾಗಿ ಬೀಳ್ಕೊಟ್ಟಳು.

ಮೊನ್ನೆ ಬಂದವನು ಶಹಾಪುರದ ಹುಡುಗ, ಬೀಜ-ಗೊಬ್ಬರದ ಅಂಗಡಿಯವನು. ಬಂಧುಗಳ ಮದುವೆಯಲ್ಲಿ ಅವನೊಂದಿಗೆ ಮಾತಾಡಿದ್ದ ನನ್ನ ಮಗಳು ನೀಲಾ, ಮದುವೆಯಾದರೆ ಇವರನ್ನೇ ಆಗುತ್ತೇನೆ ಎಂದು ನನಗೆ ಮೊದಲೇ ಹೇಳಿಬಿಟ್ಟಿದ್ದಳು. ಅವ್ವ ಒಲ್ಲೆನೆಂದರೆ ಎದುರಾಡುವ ಎದೆ ನನಗಿಲ್ಲ. ಸಾಲದ್ದಕ್ಕೆ ಹುಡುಗ ಬಲು ಎತ್ತರ.

ಅವನು ಮೆಟ್ಟಿಲು ಹತ್ತುವಾಗ ಅವ್ವ ಪಡಸಾಲೆಯ ಕಂಬಕ್ಕೊರಗಿ ಕಿವಿಗೊಟ್ಟು ಕೂತಿದ್ದಳು. ನನಗೆ ನಿಜಕ್ಕೂ ಭಯವಾಗಿತ್ತು. ತಲೆ ಜೋಪಾನ ಎಂಬ ಮಾತು ಗಂಟಲವರೆಗೆ ಬಂದು, ಅವ್ವನ ಮುಖ ನೋಡಿ ಹಿಂದಕ್ಕೆ ಹೋಯಿತು. ಹುಡುಗ ಚಪ್ಪಲಿ ಬಿಟ್ಟು, ಅವ್ವನಿಗೆ ಕೈಮುಗಿಯುತ್ತ ನೆಟ್ಟಗೆ ನಡೆದ.

ಅಷ್ಟರಲ್ಲಿ, ಅಡುಗೆಮನೆಯಲ್ಲಿರಬೇಕಾದ ನೀಲಾ ಓಡಿ ಬಂದು, ಹೊಸ್ತಿಲಿನ ಒಂದು ಬದಿಗೆ ಹತ್ತಿ ನಿಂತು, ಚೌಕಟ್ಟಿನ ಅಂಚಿಗೆ ಅಂಗೈ ಒಡ್ಡಿದಳು. ನಮ್ಮಲ್ಲಿ ಹೊಸ್ತಿಲು ತುಳಿಯುವುದೇ ದೊಡ್ಡ ತಪ್ಪು. ಹುಡುಗನ ಹಣೆ ಅವಳ ಕೈಗೆ ಬಡಿಯಿತು, ಕೈ ಬೇವಿಗೆ ಬಡಿಯಿತು.

ಹುಡುಗ ಗಾಬರಿಯಿಂದ ತಲೆಯೆತ್ತಿದ. "ನಿಮ್ಮ ಕೈಗಿ ಪೆಟ್ಟಾತೇನ್ರಿ?"

ಅವ್ವ ಕೋಲೂರಿ ಎದ್ದಳು. ಇನ್ನು ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

"ನೀಲಾ, ಕೆಳಗ ಇಳಿ. ಅಳಿಯಂದ್ರಿಗಿ ದಾರಿ ಬಿಡು."

ಆ ಸಂತೋಷಕ್ಕೆ, ಇನ್ನೂ ಅಂಗಳದಲ್ಲೇ ಇದ್ದ ಬೀಗರನ್ನು ಕರೆಯಲು ದಡಬಡಿಸಿ ಓಡಿದೆ. ಮುತ್ತಜ್ಜನ ಬೇವು ನನ್ನ ಹಣೆಯನ್ನು ಬಿಡಲಿಲ್ಲ. ಆಗ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ರಂಗಂಪೇಟೆಯಲ್ಲಿ ನನಗೆ ಹೆಣ್ಣು ಕೊಟ್ಟ ಮಾವನವರ ಮನೆಯ ಬಾಗಿಲು, ನನ್ನ ಪುಣ್ಯ, ಎತ್ತರವಾಗಿತ್ತು.