ಸೀಸಿಯಂ ಹಿಡಿಯಲು ಹೊರಟಿದ್ದ ಮೇಡಂ

ಮೊನ್ನೆ ಅಡಾಜಣ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹಳೆಯ ಕಂಪ್ಯೂಟರನ್ನು ರದ್ದಿಯವನಿಗೆ ಕೊಡುವ ಮೊದಲು ಒಮ್ಮೆ ಚಾಲೂ ಮಾಡಿದೆ. ಫ್ಯಾನು ಗೊರಗುಟ್ಟಿತು, ಒಳಗಿನ ಧೂಳು ಕಾದ ವಾಸನೆ ಮೂಗಿಗೆ ಬಡಿಯಿತು. ನಮ್ಮ ಮೇಡಂ ನೆನಪಾದರು...

ವಡೋದರೆಯಲ್ಲಿ ಅವರು ನನ್ನ ಪಿಎಚ್.ಡಿ. ಗೈಡ್ ಆಗಿದ್ದರು. ಧಾರವಾಡದವರು. ಗಂಡನಿಗೆ ರೈಲ್ವೆಯಲ್ಲಿ ಕೆಲಸ. ವರ್ಗವಾಗಿ ಬಂದವರು ಅಲ್ಲಿಯ ಮಂಜಲ್‌ಪುರದಲ್ಲೇ ನಿಂತುಬಿಟ್ಟಿದ್ದರು. ಆ ಊರಲ್ಲೇ ಬೆಳೆದ ನನ್ನ ಕನ್ನಡದ ತುಂಬ ಗುಜರಾತಿ. ಮೇಡಂ ಅದನ್ನು ತಿದ್ದಲು ಹೋಗುತ್ತಿರಲಿಲ್ಲ. ನನ್ನ ಲೆಕ್ಕಗಳನ್ನು ಮಾತ್ರ ಬಿಡುತ್ತಿರಲಿಲ್ಲ.

ಅಣುತ್ಯಾಜ್ಯದ ನೀರಿನಲ್ಲಿ ವಿಕಿರಣ ಸೂಸುವ ಸೀಸಿಯಂ ಕರಗಿರುತ್ತದೆ. ಅದನ್ನು ಹೀರಿ, ತಲೆಮಾರುಗಳ ಕಾಲ ಬಿಡದೆ ಹಿಡಿದಿಡಬಲ್ಲ, ಮೈಯೆಲ್ಲ ಸಣ್ಣ ಗೂಡುಗಳಿರುವ ಹರಳೊಂದನ್ನು ನಾವು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದೆವು. ವರ್ಷಗಟ್ಟಲೆ ಕೂತ ಮೇಲೆ ಒಂದು ಸಿಕ್ಕಿತು. ಪ್ರಬಂಧ ಅಚ್ಚಾಯಿತು. ಹರಳನ್ನು ನಿಜವಾಗಿ ತಯಾರಿಸಿ ನೋಡಲು ಅನುದಾನವೂ ಬರುವುದರಲ್ಲಿತ್ತು.

ಆ ಮೇ ತಿಂಗಳಲ್ಲಿ ಲ್ಯಾಬಿನ ಎ.ಸಿ. ಕೆಟ್ಟಿತು. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ ಮೇಡಂ ತಟ್ಟನೆ ಕೈ ನಿಲ್ಲಿಸಿದರು.

"ಅಲ್ಲ ತಂಗಿ, ಈ ಕಸ ತನ್ನ ಕಾವಿಗೆ ತಾನ ಬಿಸಿ ಆಗತದ. ನಾವು ಹರಳು ತಣ್ಣಗಿದ್ದಾಗ ಅಷ್ಟ ನೋಡೇವಿ. ಒಮ್ಮೆ ಕಾಯಿಸಿ ನೋಡೂಣ ತಗೋ."

ಲೆಕ್ಕದಲ್ಲಿ ಕಾವು ಏರಿಸಿದೆವು. ಗೂಡುಗಳ ಬಾಯಿ ಅಗಲವಾಗುತ್ತ ಹೋಯಿತು. ಹಿಡಿದಿದ್ದ ಸೀಸಿಯಂ ಕಣಗಳು ಒಂದೊಂದಾಗಿ ಹೊರಬಂದವು. ಅಚ್ಚಾದ ಪ್ರಬಂಧ ತಪ್ಪಾಗಿತ್ತು...

ಅದನ್ನು ಹಿಂದಕ್ಕೆ ಪಡೆಯುತ್ತೇನೆ ಎಂದ ಮೇಡಂಗೆ ವಿಭಾಗದ ಮುಖ್ಯಸ್ಥರು, "ಜವಾ ದೋನೇ ಬೆಹೆನ್," ಎಂದರು. ಹೋಗಲಿ ಬಿಡಿ, ಯಾರು ನೋಡುತ್ತಾರೆ ಎಂಬ ಧಾಟಿ. ಮೇಡಂ ಮೆಟ್ಟಿಲಿಳಿಯುವಾಗ ನನ್ನ ಕಡೆ ತಿರುಗಿ, "ಹೋಗಲಿ ಬಿಡು ಅಂದ್ರ ಆ ಸೀಸಿಯಂ ಹೋಗೂದು ಎಲ್ಲಿಗೆ? ಯಾರದೋ ಬಾವಿಗೆ," ಎಂದರು.

ಪ್ರಬಂಧವನ್ನು ಅವರೇ ಹಿಂದಕ್ಕೆ ಪಡೆದರು. ಅನುದಾನ ತಪ್ಪಿತು. ಪ್ರೊಫೆಸರ್ ಆಗಬೇಕಿದ್ದವರು ಹಾಗೆಯೇ ಉಳಿದರು. ನನ್ನ ಕೆಲಸವೂ ಮೊದಲಿನಿಂದ ಶುರುವಾಯಿತು. ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಸಿಟ್ಟು ಮಾಡುವಷ್ಟು ತ್ರಾಣವೂ ಇರಲಿಲ್ಲ. ಮೇಡಂ ಪಕ್ಕದ ಕುರ್ಚಿಯಲ್ಲಿ ಕೂತು, ಊದಿದ ಕಾಲನ್ನು ಒಂದು ಸ್ಟೂಲಿನ ಮೇಲಿಟ್ಟುಕೊಂಡು, ಪ್ರತಿ ಹರಳನ್ನೂ ಲೆಕ್ಕದಲ್ಲಿ ಕಾಯಿಸಿ ನೋಡಿದರು. ಅವು ಒಂದೊಂದೇ ಸೋತವು. ಕೊನೆಗೆ ಯಾವ ಹರಳು ಎಷ್ಟು ಕಾವಿಗೆ ಕೈಕೊಡುತ್ತದೆ ಎಂಬುದೇ ನನ್ನ ಪಿಎಚ್.ಡಿ. ಪ್ರಬಂಧವಾಯಿತು. ಡಿಗ್ರಿ ಸಿಕ್ಕ ದಿನ ಮೇಡಂ, "ಮನೀಗೆ ಹೋಗಿ ಮಲಕೋ ತಂಗಿ, ಭಾಳ ದಣದೀ," ಎಂದರು. ತಾವು ಮಾತ್ರ ಲ್ಯಾಬಿಗೆ ಹೋದರು.

ನಿವೃತ್ತಿಯಾದ ಮೇಲೆ ಧಾರವಾಡಕ್ಕೆ ಮರಳಿದರು. ಹೋದ ಚಳಿಗಾಲದಲ್ಲಿ ಅವರ ಮಗಳು ಫೋನ್ ಮಾಡಿದಳು. ಅಮ್ಮ ಮಧ್ಯಾಹ್ನ ಮಲಗಿದವರು ಏಳಲಿಲ್ಲವಂತೆ...

ನಾನೀಗ ಇಲ್ಲಿಯ ಪಾಂಡೇಸರಾದ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ಕೊಳೆನೀರಿಗೆ ಇಂಥದೇ ಹರಳು ಹುಡುಕುತ್ತಿದ್ದೇನೆ. ಒಂದು ಲೆಕ್ಕ ಸರಿಬಂದಂತೆ ಕಂಡಾಗ ಖುಷಿಗಿಂತ ಮೊದಲು ಭಯವಾಗುತ್ತದೆ. ಇದರಲ್ಲಿ ನಾನು ಏನನ್ನು ಬಿಟ್ಟಿದ್ದೇನೆ, ನೋಡಿ ಹೇಳಿ ಎಂದು ಕೇಳಲು ಪಕ್ಕದಲ್ಲಿ ಯಾರೂ ಇಲ್ಲ.