ಷಡ್ಡಕನಿಗಿಲ್ಲದ ಇನ್ಶೂರೆನ್ಸು

ಬ್ರೇಕ್ ಮೇಷ್ಟ್ರು ಡ್ರೈವಿಂಗ್ ಸ್ಕೂಲ್ ಇಟ್ಟು ಎಷ್ಟು ಕಾಲವಾಯಿತೆಂದರೆ, ಅವರ ಬೈಗುಳ ತಿನ್ನದೆ ಸ್ಟೇರಿಂಗ್ ಹಿಡಿದವರು ಊರಲ್ಲಿ ಯಾರೂ ಉಳಿದಿಲ್ಲ. ಸ್ಕೂಲು ಅಂದರೆ ಇರುವುದೊಂದೇ ಕಾರು. ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲಡಿಗೂ ಅದರಲ್ಲೊಂದು ಬ್ರೇಕು. ಅದನ್ನು ಒತ್ತಿ ಒತ್ತಿ ಅವರ ಬಲಗಾಲು ಎಡಗಾಲಿಗಿಂತ ಒಂದು ಗೇಣು ಉದ್ದವಾಗಿದೆ. ಟಿವಿಯಲ್ಲಿ ಕಾರು ಜೋರಾಗಿ ಬಂದರೂ ಕಾಲು ತಾನಾಗಿ ನೆಲ ಒತ್ತುತ್ತದೆ. ಟಿವಿ ಮುಂದಿನ ಟೈಲ್ಸು ಎರಡು ಸಲ ಬದಲಾಯಿಸಿದ್ದಾರೆ.

ಇಂಥ ಗಟ್ಟಿ ಆಳನ್ನು ಅಲ್ಲಾಡಿಸುವ ತಾಕತ್ತು ಒಬ್ಬನಿಗೇ ಇತ್ತು: ಷಡ್ಡಕನಿಗೆ. ಹೆಂಡತಿಯ ತಂಗಿ ಗಂಡ, ಬಟ್ಟೆ ಅಂಗಡಿಯವನು. ಅವನು ಹೊಸ ಫ್ರಿಜ್ಜು ತಂದ ದಿನ ಮೇಷ್ಟ್ರಿಗೆ ತಮ್ಮ ಮನೆಯ ನೀರೆಲ್ಲ ಬಿಸಿಯಾಗಿ ಕಂಡಿತು. ಹೊಸ ಕಾರು ತಂದ ದಿನ ಹೊಟ್ಟೆಯಲ್ಲಿ ಎದ್ದ ಉರಿಗೆ ಇಡೀ ಬೀದಿಯ ಅಡುಗೆ ಬೇಯುತ್ತಿತ್ತು.

ಭಾನುವಾರ ಊಟಕ್ಕೆ ಬಂದ ಷಡ್ಡಕ ಕಾರಿನ ಮಾತು ಬಿಟ್ಟು ಅದರ ಇನ್ಶೂರೆನ್ಸಿನ ಗುಣಗಾನಕ್ಕೆ ಕೂತ.

“ಅಣ್ಣಾ, ಎಕ್ಸ್‌ಟ್ರಾ ಅಂತ ಏನೇನಿದೆಯೋ ಎಲ್ಲಾ ಹಾಕಿಸ್ಬಿಟ್ಟೆ. ಕೀ ಕಳೆದ್ರೆ ಹೊಸ ಕೀ. ಬಂಪರ್ ಮುರಿದ್ರೆ ಹೊಸ ಬಂಪರ್. ಇಂಜಿನಿಗೆ ನೀರು ನುಗ್ಗಿದ್ರೆ ಅದಕ್ಕೂ ದುಡ್ಡು. ನಿಮ್ದೂ ರಿನ್ಯೂ ಮಾಡ್ಸೋ ಟೈಮಲ್ವಾ?”

“ಅವರಿಗೆ ಮುಂದಾಲೋಚನೆ ಇದೆಯಪ್ಪ,” ಎಂದು ತಂಗಿ ಗಂಡನನ್ನು ಹೊಗಳಿದರು ಮೇಷ್ಟ್ರ ಹೆಂಡತಿ, ತಮ್ಮ ಗಂಡನ ಕಡೆ ನೋಡದೆ. ನೋಡಿದ್ದರೆ ಸೀರೆಗೆ ಕಿಡಿ ಹಾರುತ್ತಿತ್ತು.

ಸೋಮವಾರ ಮೇಷ್ಟ್ರು ಔಷಧಿ ಅಂಗಡಿ ಮೇಲಿನ ಇನ್ಶೂರೆನ್ಸ್ ಆಫೀಸಿನ ಮೆಟ್ಟಿಲು ಹತ್ತಿದರು. ಇಬ್ಬರಿಗೂ ಏಜೆಂಟು ಒಬ್ಬಳೇ. ಮೇಷ್ಟ್ರ ಹತ್ತಿರವೇ ಕಾರು ಕಲಿತವಳು.

“ಷಡ್ಡಕನಿಗೆ ಏನೇನು ಹಾಕಿದೀಯೋ ಅಷ್ಟೂ ನನಗೂ ಹಾಕಮ್ಮ.”

“ಮೇಷ್ಟ್ರೇ, ನಿಮ್ಮ ಕೀ ದಾರದಲ್ಲಿ ಸೊಂಟಕ್ಕೆ ಕಟ್ಟಿರುತ್ತೆ. ಅದು ಕಳೀಬೇಕಂದ್ರೆ ನೀವೇ ಕಳೆದುಹೋಗ್ಬೇಕು.”

“ಹೋಗ್ತೀನಿ. ಬರಿ.”

“ನಿಮ್ಮ ಬೀದಿ ಇಳಿಜಾರು, ಒಂದು ಹನಿ ನಿಲ್ಲಲ್ಲ. ಇಂಜಿನಿಗೆ ಎಲ್ಲಿಂದ ನೀರು ನುಗ್ಗುತ್ತೆ?”

“ಅವನ ಕಾರಿಗೆ ಮಾತ್ರ ನುಗ್ಗುತ್ತಾ?”

“ಅವರು ನಿಲ್ಲಿಸೋದು ನೆಲಮಾಳಿಗೇಲಿ. ನುಗ್ಗುತ್ತೆ.”

ಷಡ್ಡಕನಿಗೆ ನೆಲಮಾಳಿಗೆ ಬೇರೆ ಇದೆಯೆಂದು ಮೇಷ್ಟ್ರಿಗೆ ಇನ್ನಷ್ಟು ಉರಿಯಿತು. “ಅದನ್ನೂ ಬರಿ!”

ಆಕೆ ಪಟ್ಟಿಯ ಕೊನೆಗೆ ತಾನಾಗಿ ಇನ್ನೊಂದನ್ನೂ ಸೇರಿಸಿದಳು. ಕೂಡಿಸಿ ನೋಡಿದರೆ ತಂದ ದುಡ್ಡು ಸಾಲದು. ಒಂದನ್ನು ಬಿಡಬೇಕಾಯಿತು.

“ಆ ಕೊನೇದು ಬಿಡು. ಅದು ಅವನ ಹತ್ರ ಇಲ್ಲ.”

ಆಕೆ ಪೆನ್ನು ಕೆಳಗಿಟ್ಟಳು. “ಅದು ಕಲಿಯೋರ ಕೈಲಿ ಕಾರು ಇರುವಾಗಿನದು. ಅದಿಲ್ದೆ ಪಾಠದ ಹೊತ್ತಲ್ಲಿ ಗುದ್ದಿದ್ರೆ ಒಂದು ಕಾಸೂ ಹುಟ್ಟಲ್ಲ. ನಿಮ್ಮ ಕಾರು ಗುದ್ದೋದೇ ಪಾಠದಲ್ಲಿ. ಕಾರು ಹೋದ್ರೆ ಸ್ಕೂಲು ಹೋಯ್ತು, ಆಮೇಲೆ ಹೊಟ್ಟೆಗೇನು?”

ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಮೊನ್ನೆಯಷ್ಟೇ ಒಬ್ಬರು ಕಾಂಪೌಂಡನ್ನೇ ರಸ್ತೆ ಎಂದುಕೊಂಡಿದ್ದರು. ಆದರೆ ಹೊಟ್ಟೆಕಿಚ್ಚಿಗೆ ಬ್ರೇಕು ಯಾವ ಸೀಟಿನಡಿಯೂ ಇರಲಿಲ್ಲ.

“ಬಿಡು ಅಂದ್ನಲ್ಲ!”

ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಆಯ್ತು ಬಿಡಿ. ಆದ್ರೆ ಒಂದು ಮಾತು. ಇದನ್ನ ನಿಮ್ಮ ಷಡ್ಡಕ ಬಂದು ಕಾಲು ಹಿಡಿದ್ರೂ ಕಂಪನಿ ಕೊಡಲ್ಲ. ಸ್ಕೂಲ್ ಇಟ್ಟವರಿಗೆ ಮಾತ್ರ.”

ಮೇಷ್ಟ್ರ ಬೆನ್ನು ನೆಟ್ಟಗಾಯಿತು. “ದುಡ್ಡು ಕೊಟ್ರೂ?”

“ಅಂಗಡೀನೇ ಬರೆದುಕೊಟ್ರೂ.”

“ಕೀ ಹೊಡ್ದಾಕು. ನೀರೂ ಹೊಡ್ದಾಕು. ಇದನ್ನ ದಪ್ಪ ಅಕ್ಷರದಲ್ಲಿ ಬರಿ.”

“ಬಂಪರಿಂದು ಇರ್ಲಿ ಮೇಷ್ಟ್ರೇ. ತಿಂಗಳಿಗೊಂದು ಮುರೀತೀರಿ.”

“ಇರ್ಲಿ, ಇರ್ಲಿ.”

ಮುಂದಿನ ಭಾನುವಾರ ಊಟದ ನಡುವೆ ಮೇಷ್ಟ್ರು, ಉಪ್ಪು ಕೇಳುವವರಂತೆ, ವಿಷಯ ತೆಗೆದರು. “ನಂದೂ ಆಯ್ತಪ್ಪ. ನಿನಗಿಲ್ಲದ್ದೊಂದು ಇದೆ, ಅದನ್ನ ಹಾಕಿಸ್ದೆ.”

“ನನಗಿಲ್ಲದ್ದಾ? ಎಲ್ಲಾ ಹಾಕಿಸಿದೀನಲ್ಲ!”

“ನಿನಗೆ ಕೊಡಲ್ಲ ಕಣಯ್ಯ. ಸ್ಕೂಲಿನವರಿಗೆ ಮಾತ್ರ.”

ನಾದಿನಿ ಗಂಡನ ಕಡೆ ತಿರುಗಿದಳು. “ರೀ, ಭಾವನಿಗೆ ಕೊಟ್ಟಿದ್ದು ನಮಗ್ಯಾಕೆ ಕೊಡಲ್ಲ? ನೀವು ಸರಿಯಾಗಿ ಕೇಳೇ ಇರಲ್ಲ!”

ಷಡ್ಡಕನ ಮುಖ ಅಂಗಡಿಯಲ್ಲಿ ಬಿಸಿಲಿಗೆ ಇಟ್ಟ ಬಟ್ಟೆಯಂತೆ ಬಣ್ಣ ಬಿಟ್ಟಿತು. ಎದ್ದು, ಫೋನು ಹಿಡಿದು ಬಾಲ್ಕನಿಗೆ ಹೋದ. ಮೇಷ್ಟ್ರು ಹೆಂಡತಿಗೆ ತಟ್ಟೆ ಚಾಚಿ ಇನ್ನಷ್ಟು ಅನ್ನ ಹಾಕಿಸಿಕೊಂಡರು. ಇಷ್ಟು ವರ್ಷಗಳಲ್ಲಿ ಊಟ ಇಷ್ಟು ರುಚಿಯೆನಿಸಿದ್ದು ಇದೇ ಮೊದಲು.

ಹೊರಗಿನಿಂದ ಷಡ್ಡಕನ ದನಿ ಸ್ಪಷ್ಟವಾಗಿ ಕೇಳಿಸಿತು.

“ಹಂಗಾದ್ರೆ ಮೇಡಂ, ಒಂದು ಡ್ರೈವಿಂಗ್ ಸ್ಕೂಲ್ ತೆಗೀಬೇಕಂದ್ರೆ ಏನೇನು ಬೇಕಾಗುತ್ತೆ?”

ಮೇಷ್ಟ್ರ ಕೈಯ ತುತ್ತು ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತು.